ಹಳೆಯ ಗ್ರಂಥಗಳ ಹೊಸ ಅಚ್ಚು

ವಾಚಕ ಮಹಾಶಯರಲ್ಲಿ ಕೆಲವರು ಈ ತಿಂಗಳು ನಮಗೆ ಬರೆದ ಕಾಗದಗಳಲ್ಲಿ ಒಂದೇ ಬಗೆಯ ಸಂತೋಷವು ಕಂಡುಬಂದಿತು. ಬಹುಕಾಲ ಅಂಗಡಿಗಳಲ್ಲಿ ದೊರೆಯದಿದ್ದ ಅರ್ಥಶಾಸ್ತ್ರದ ಮೇರುಕೃತಿಗಳು ಪುನರ್ಮುದ್ರಣಗೊಂಡು ಗೃಹಸ್ಥರ ಕೈಗೆ ಬರುತ್ತಿರುವುದೇ ಆ ಸಂತೋಷಕ್ಕೆ ಕಾರಣ. ಒಬ್ಬರಿಗೆ ಆಡಂ ಸ್ಮಿತ್ತರ ೧೭೭೬ನೆಯ ಇಸವಿಯ ಮಹಾಗ್ರಂಥವು ದೊರೆತಿದೆ. ಮತ್ತೊಬ್ಬರಿಗೆ, ಭಾರತದ ಬಡತನವನ್ನು ಕುರಿತು ದಾದಾಭಾಯಿ ನೌರೋಜಿಯವರು ೧೯೦೧ರಲ್ಲಿ ಪ್ರಕಟಿಸಿದ ಗ್ರಂಥವು. ಮೂರನೆಯವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ತರಿಸಿಕೊಂಡು, "ರಾಜರಿಗೆ ಹೇಳಿದ ಈ ಪುಸ್ತಕವನ್ನು ಸಂಸಾರಿಗಳು ಓದಿ ಫಲವೇನು?" ಎಂದು ನಮ್ಮನ್ನೇ ಕೇಳಿರುವರು. ಇದಕ್ಕೆ ಉತ್ತರ ಹೇಳುವ ಮುನ್ನ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯವೃತ್ತಿಯಲ್ಲಿದ್ದ ನಾವು, ಚಾಣಕ್ಯನೆಂದರೆ ಕುಟಿಲನೀತಿಯೆಂದು ಪ್ರತಿವರ್ಷವೂ ಪಾಠ ಹೇಳುತ್ತಿದ್ದೆವು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಆ ಪುಸ್ತಕವನ್ನು ತಾವು ಓದಿದ್ದೀರಾ, ಮೇಷ್ಟ್ರೇ?" ಎಂದನು. ನಾವು ಓದಿರಲಿಲ್ಲ, ಅವನನ್ನು ಗದರಿಸಿ ಕೂರಿಸಿದೆವು. ಸಂಸ್ಕೃತವನ್ನು ಬಲ್ಲ ನಮಗೆ ಇದ್ದ ನೆಪವು, ಊರಿನ ಪುಸ್ತಕಭಂಡಾರದಲ್ಲಿ ಅದರ ಪ್ರತಿಯಿಲ್ಲವೆಂಬುದೊಂದೇ. ನಿವೃತ್ತರಾದ ಮೇಲೆ, ಆರ್. ಪಿ. ಕಂಗ್ಲೆಯವರು ೧೯೬೦ರಲ್ಲಿ ಪರಿಷ್ಕರಿಸಿ ಹೊರತಂದ ಮೂಲದ ಮರುಮುದ್ರಣವನ್ನು ತರಿಸಿ, ಹದಿನೈದು ಅಧಿಕರಣಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆವು.

ಗೂಢಚಾರರ ವಿಷಯವು ಅದರಲ್ಲಿ ಇದ್ದೇ ಇರುವುದು. ದೇವರ ಹೆಸರಿನಲ್ಲಿ ಜನರನ್ನು ನಂಬಿಸಿ ಬೊಕ್ಕಸವನ್ನು ತುಂಬುವ ಉಪಾಯಗಳೂ, ವರ್ಣವನ್ನು ನೋಡಿ ದಂಡವನ್ನು ಏರಿಸಿ ಇಳಿಸುವ ನಿಯಮಗಳೂ ಇರುವುವು. ಇವನ್ನು ನಾವು ಹೊಗಳಲಾರೆವು. ಆದರೆ ಅದೇ ಗ್ರಂಥದಲ್ಲಿ ಅಗಸನ ಮಾತೂ ಬಂದಿದೆ. ಮರದ ಹಲಗೆ ಅಥವಾ ನುಣುಪಾದ ಕಲ್ಲನ್ನು ಬಿಟ್ಟು ಬೇರೆಡೆ ಬಟ್ಟೆಯನ್ನು ಒಗೆದರೆ ಅವನಿಗೆ ೬ ಪಣ ದಂಡ, ಕೆಟ್ಟ ಬಟ್ಟೆಗೆ ಪರಿಹಾರ ಬೇರೆ. ಒಗೆಯಲು ಕೊಟ್ಟ ಬಟ್ಟೆಯನ್ನು ಬಾಡಿಗೆಗೆ ಕೊಟ್ಟರೆ ೧೨ ಪಣ. ವರ್ತಕನು ಗೊತ್ತಾದ ಕ್ರಯದ ಮೇಲೆ ಸ್ವದೇಶದ ಸರಕಿಗೆ ನೂರಕ್ಕೆ ೫, ಪರದೇಶದ ಸರಕಿಗೆ ನೂರಕ್ಕೆ ೧೦ರಷ್ಟು ಮಾತ್ರ ಲಾಭ ಪಡೆಯಬಹುದು. ಕ್ಷಾಮ ಬಂದಾಗ ರಾಜನು ಬೀಜವನ್ನೂ ಆಹಾರವನ್ನೂ ಒದಗಿಸಬೇಕು. ಅನ್ನವಿತ್ತು ಕೋಟೆ ಕಟ್ಟೆಗಳ ಕೆಲಸವನ್ನು ಮಾಡಿಸಬಹುದು.

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ನೂಲಿನ ಅಧ್ಯಕ್ಷನ ಪ್ರಕರಣ. ಮನೆಯಿಂದ ಹೊರಗೆ ಬಾರದ ವಿಧವೆಯರಿಗೂ ಅಂಗವಿಕಲರಾದ ಹೆಂಗಸರಿಗೂ ದಾಸಿಯರ ಮೂಲಕ ನೂಲುವ ಕೆಲಸವನ್ನು ಗೌರವದಿಂದ ಕಳುಹಿಸಬೇಕು. ತಾವಾಗಿ ನೂಲಿನ ಶಾಲೆಗೆ ಬಂದವರ ಮುಖವನ್ನು ದಿಟ್ಟಿಸಿದ ಅಥವಾ ಬೇರೆ ಮಾತನ್ನಾಡಿದ ಅಧಿಕಾರಿಗೆ ದಂಡ. ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡದವನಿಗೆ ಅದಕ್ಕಿಂತಲೂ ಹೆಚ್ಚಿನ ದಂಡ. ಇದನ್ನು ಓದಿದಾಗ ನಮಗೆ ಲಜ್ಜೆಯಾಯಿತು. ಇಷ್ಟನ್ನೂ ಮುಚ್ಚಿಟ್ಟು ಎಷ್ಟೋ ತರಗತಿಗಳಿಗೆ ಒಂದೇ ಮುಖವನ್ನು ತೋರಿಸಿದ್ದೆವಲ್ಲವೇ!

ಈ ಗ್ರಂಥವು ಉಳಿದು ಬಂದುದೇ ನಮ್ಮ ಭಾಗ್ಯ. ಶತಮಾನಗಳ ಕಾಲ ಇದರ ಹೆಸರೂ, ಇತರರು ಉದ್ಧರಿಸಿದ ಕೆಲವು ವಾಕ್ಯಗಳೂ ಮಾತ್ರ ವಿದ್ವಾಂಸರಿಗೆ ಪರಿಚಿತವಾಗಿದ್ದುವು. ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಗರಿಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೫ರಿಂದ ಅದರ ಭಾಗಗಳನ್ನು ಲೋಕಕ್ಕೆ ತಿಳಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚು ಹಾಕಿಸಿದರು. ಅಂದು ಅಚ್ಚಾದುದು ಇಂದು ಮತ್ತೆ ಅಚ್ಚಾಗದಿದ್ದರೆ, ಬಡ ಓದುಗನ ಪಾಲಿಗೆ ಅದು ಪುನಃ ಓಲೆಗರಿಯೇ ಸರಿ.

ಉಳಿದ ಗ್ರಂಥಗಳ ಗತಿಯೂ ಇಂಥದೇ. ಸ್ಮಿತ್ತರೆಂದರೆ ಎಲ್ಲರೂ 'ಅದೃಶ್ಯ ಹಸ್ತ'ವೆನ್ನುವರು. ಆ ದೊಡ್ಡ ಗ್ರಂಥದಲ್ಲಿ ಆ ಮಾತು ಬರುವುದು ಒಂದೇ ಸಲ. ವರ್ತಕರು ಒಟ್ಟುಗೂಡಿ ಬೆಲೆಯನ್ನು ಏರಿಸುವರೆಂದು ಅವರು ಎಚ್ಚರಿಸಿದುದು ಎಷ್ಟು ಜನರಿಗೆ ತಿಳಿದಿದೆ? ನೌರೋಜಿಯವರು ಸರ್ಕಾರದ ಲೆಕ್ಕಗಳಿಂದಲೇ, ೧೮೬೭-೭೦ರ ಸುಮಾರಿನಲ್ಲಿ ಭಾರತೀಯನ ವರಮಾನವು ತಲೆಗೆ ವರ್ಷಕ್ಕೆ ೨೦ ರೂಪಾಯಿಯೆಂದು ಗುಣಿಸಿ ತೋರಿಸಿದ ಬಗೆಯನ್ನು ಅವರ ಪುಟಗಳಲ್ಲಿಯೇ ಕಾಣಬೇಕು.

ಆದುದರಿಂದ ನಮ್ಮ ವಾಚಕರಿಗೆ ಹೇಳುವುದಿಷ್ಟೇ: ಇಂಥ ಪುಸ್ತಕವನ್ನು ಬೀರುವಿನಲ್ಲಿಟ್ಟು ಪೂಜಿಸಬೇಡಿರಿ. ದೀಪ ಹಚ್ಚಿದ ಮೇಲೆ ದಿನಕ್ಕೊಂದು ಪ್ರಕರಣವನ್ನು ಮನೆಮಂದಿಯ ಮುಂದೆ ಓದಿರಿ. ಒಪ್ಪದ ಕಡೆ ಮಕ್ಕಳು ವಾದಿಸಲಿ. ಪ್ರಕಾಶಕರು ಕಠಿನಶಬ್ದಗಳ ಅರ್ಥವನ್ನೂ ವಿಷಯಸೂಚಿಯನ್ನೂ ಸೇರಿಸಿ, ಬೆಲೆಯನ್ನು ಸಂಸಾರಿಗಳಿಗೆ ಎಟಕುವಂತೆ ಇಡಲಿ.

ಆ ಹುಡುಗನು ಈಗ ಎಲ್ಲಿರುವನೋ ಅರಿಯೆವು. ಈ ಪುಟವು ಅವನ ಮನೆಗೂ ಹೋಗುತ್ತಿದ್ದರೆ, "ಈಗ ಓದಿದ್ದೇವಪ್ಪ, ಅಂದು ಗದರಿಸಿದುದು ನಮ್ಮ ತಪ್ಪು" ಎಂಬ ನಮ್ಮ ಉತ್ತರವು ಅವನಿಗೆ ತಲುಪಲಿ.