ಶಾಂತಿಯ ವ್ಯಾಪಾರಿಗಳೂ ನಮ್ಮ ಭಾನುವಾರದ ತರಗತಿಯೂ

ನಾಂಪಲ್ಲಿಯ ನುಮಾಯಿಷ್ ನೋಡದ ಹೈದರಾಬಾದಿನ ಕನ್ನಡಿಗರು ವಿರಳ. 1938ರಲ್ಲಿ ಆರಂಭವಾದ ಈ ವಸ್ತುಪ್ರದರ್ಶನ ಜನವರಿ ಬಂದೊಡನೆ ನಮ್ಮನ್ನು ಕೈಬೀಸಿ ಕರೆಯುತ್ತದೆ. ಕಾಶ್ಮೀರದ ಶಾಲು, ಲಖನೌದ ಬಟ್ಟೆ, ಒಣಹಣ್ಣು, ಮಕ್ಕಳ ಆಟಿಕೆ ಎಲ್ಲವೂ ಅಲ್ಲಿ ದೊರೆಯುತ್ತವೆ. ಇನ್ನು ಮಾರಲು ಏನೂ ಉಳಿದಿಲ್ಲವೆಂದು ನಾನು ತಿಳಿದಿದ್ದೆ. ಈ ಸಲ ಮೈದಾನದ ಬಾಗಿಲಲ್ಲಿ ಕೈಗೆ ಬಂದ ಕರಪತ್ರವೊಂದು ಆ ಭ್ರಮೆಯನ್ನು ಕಳೆಯಿತು. ಬಣ್ಣಬಣ್ಣದ ಮಿದುಳಿನ ಚಿತ್ರದ ಕೆಳಗೆ, ಎಂಟು ವಾರಗಳ ಧ್ಯಾನದಿಂದ ಮಿದುಳನ್ನೇ ಹೊಸದಾಗಿ ರೂಪಿಸಿಕೊಡುವುದಾಗಿ ಅದರಲ್ಲಿ ಅಚ್ಚಾಗಿತ್ತು. ನಕ್ಕು ಜೇಬಿಗಿಳಿಸಿದೆ.

ಒಂದು ತಿಂಗಳ ಬಳಿಕ ಅದೇ ಮಾತು ನಮ್ಮ ಸಂಘದ ಸಭೆಯಲ್ಲಿ ಪ್ರಸ್ತಾವದ ರೂಪ ತಳೆದು ಬಂದಾಗ ಮಾತ್ರ ನಗು ಬರಲಿಲ್ಲ. ಪ್ರಸ್ತಾವದ ಸಾರ ಇಷ್ಟೆ: ಭಾನುವಾರ ಬೆಳಿಗ್ಗೆ ನಡೆಯುವ ಮಕ್ಕಳ ಕನ್ನಡ ತರಗತಿಯಲ್ಲಿ ಈಗ ಏಳೇ ಮಕ್ಕಳಿದ್ದಾರೆ, ಅದನ್ನು ನಿಲ್ಲಿಸಿ ಸಭಾಂಗಣವನ್ನು ಇಂಥದೊಂದು ಧ್ಯಾನಶಿಬಿರಕ್ಕೆ ಬಾಡಿಗೆಗೆ ಕೊಡೋಣ. ಸಂಘಕ್ಕೆ ಆದಾಯ, ಸದಸ್ಯರಿಗೆ ಶಾಂತಿ, ಮಕ್ಕಳಿಗೆ ಏಕಾಗ್ರತೆ. ಮೇಲಾಗಿ, ಇದನ್ನೆಲ್ಲ ವಿಜ್ಞಾನವೇ ಸಿದ್ಧಪಡಿಸಿದೆಯಂತೆ! ಪ್ರಸ್ತಾವ ಮುಂದಿನ ಸಭೆಗೆ ಹೋಗಿದೆ. ಅದಕ್ಕೆ ಮುನ್ನ ನನ್ನ ವಿರೋಧವನ್ನು ಈ ಪುಟಗಳಲ್ಲಿ ದಾಖಲಿಸುವುದು ಕರ್ತವ್ಯವೆಂದು ಭಾವಿಸುತ್ತೇನೆ.

ನಾನು ಧ್ಯಾನದ ವಿರೋಧಿಯಲ್ಲ. ಬುದ್ಧನ ನೆಲದಲ್ಲಿ, ಅಲ್ಲಮನ ಭಾಷೆಯಲ್ಲಿ ಹುಟ್ಟಿದವನು ಹಾಗಾಗಲಾರ. ಉದ್ವೇಗ, ಖಿನ್ನತೆ, ನೋವುಗಳನ್ನು ಧ್ಯಾನವು ಒಂದಿಷ್ಟು ತಗ್ಗಿಸುವುದೆಂಬುದೂ ನಿಜ. 2014ರಲ್ಲಿ ಅಮೆರಿಕದ ವೈದ್ಯವಿಜ್ಞಾನಿಗಳು 47 ಪ್ರಯೋಗಗಳನ್ನು, ಅಂದರೆ 3,515 ಜನರ ಅನುಭವವನ್ನು ಒಟ್ಟಿಗೆ ತೂಗಿ ನೋಡಿ ಅಷ್ಟನ್ನು ಒಪ್ಪಿದರು. ಆದರೆ ವ್ಯಾಯಾಮ, ಔಷಧಿ ಮುಂತಾದ ಇತರ ಉಪಾಯಗಳಿಗಿಂತ ಧ್ಯಾನವೇ ಮಿಗಿಲೆಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಕರಪತ್ರದಲ್ಲಿ ಈ ಎರಡನೆಯ ವಾಕ್ಯಕ್ಕೆ ಜಾಗವಿರಲಿಲ್ಲ.

ಇನ್ನು ಮಿದುಳಿನ ಮರುರೂಪಣೆಯ ಮಾತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ವಾರ ಧ್ಯಾನ ಕಲಿತ 16 ಮಂದಿಯ ಮಿದುಳನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿದಾಗ, ನೆನಪಿಗೆ ಆಧಾರವಾದ ಹಿಪೋಕ್ಯಾಂಪಸ್ ಎಂಬ ಭಾಗದಲ್ಲಿ ವೃದ್ಧಿ ಕಂಡಿತು. ಹದಿನಾರೇ ಮಂದಿ! ಆ ಹದಿನಾರು ಮಂದಿಯ ಹೆಗಲ ಮೇಲೆ ಜಗತ್ತಿನಾದ್ಯಂತ ಎಷ್ಟು ಶಿಬಿರಗಳು ಕಟ್ಟಲ್ಪಟ್ಟವು! 2022ರಲ್ಲಿ ಅದೇ ಎಂಟು ವಾರಗಳ ಶಿಕ್ಷಣವನ್ನು ಇನ್ನೂರಕ್ಕೂ ಮಿಕ್ಕ ಜನರನ್ನು ಒಳಗೊಂಡು ಬಿಗಿಯಾಗಿ ಪರೀಕ್ಷಿಸಿದಾಗ ಮಿದುಳಿನ ರಚನೆಯಲ್ಲಿ ಅಂಥ ಯಾವ ಬದಲಾವಣೆಯೂ ಕಾಣಲಿಲ್ಲ. ಇದನ್ನು ಹೇಳಿದವರು ಧ್ಯಾನದ ವೈರಿಗಳಲ್ಲ. ಬೌದ್ಧ ಭಿಕ್ಷುಗಳ ಮಿದುಳನ್ನು ದಶಕಗಳಿಂದ ಅಭ್ಯಸಿಸುತ್ತ ಬಂದ ರಿಚರ್ಡ್ ಡೇವಿಡ್‌ಸನ್ನರ ಬಳಗವೇ ಇದನ್ನು ಹೇಳಿತು. ಧ್ಯಾನವನ್ನು ಪ್ರೀತಿಸುವ ವಿಜ್ಞಾನಿಗೆ ಇರುವ ಸಂಯಮ ಅದನ್ನು ಮಾರುವವನಿಗೆ ಇಲ್ಲವಲ್ಲ ಎಂಬುದೇ ನನ್ನ ತಕರಾರು.

ಹಾಗಾದರೆ ಅನುಭವದಿಂದ ಮಿದುಳು ಬದಲಾಗುವುದೇ ಇಲ್ಲವೆ? ಖಂಡಿತ ಬದಲಾಗುತ್ತದೆ. ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸಲು ಪರವಾನಗಿ ಬೇಕಾದವನು ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಎಲಿನಾರ್ ಮಗ್ವಾಯರ್ ಮತ್ತು ಅವರ ಸಹೋದ್ಯೋಗಿ ಹೀಗೆ ಕಲಿಯಲು ಹೊರಟ 79 ಜನರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ತೇರ್ಗಡೆಯಾದವರು 39 ಜನ. ಹಿಪೋಕ್ಯಾಂಪಸ್ಸಿನ ಹಿಂಭಾಗ ಬೆಳೆದದ್ದು ಅವರಲ್ಲಿ ಮಾತ್ರ. ತೇರ್ಗಡೆಯಾಗದವರಲ್ಲಿ ಆ ವೃದ್ಧಿ ಇರಲಿಲ್ಲ. ಮಿದುಳು ಎಂಬುದು ಎಂಟು ಭಾನುವಾರಗಳಲ್ಲಿ ಒಪ್ಪ ಹಾಕಿಸಿಕೊಳ್ಳುವ ಹಿತ್ತಾಳೆಯ ಪಾತ್ರೆಯಲ್ಲ. ದಿನದಿನವೂ ಸವೆಸಿದ ದಾರಿ ಮಾತ್ರ ಅದರೊಳಗೆ ದಾರಿಯಾಗಿ ಉಳಿಯುತ್ತದೆ.

ಇದಕ್ಕೆ ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ನಾಂಪಲ್ಲಿಯಿಂದ ಕೂಗಳತೆಯಲ್ಲಲ್ಲದಿದ್ದರೂ ಸಿಟಿ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಪಂಜಾಗುಟ್ಟದಲ್ಲಿ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಿದೆ. ಅಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಮರೆವಿನ ರೋಗಕ್ಕೆ ತುತ್ತಾದ 648 ಜನರನ್ನು ಅಭ್ಯಸಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿದ್ದವು. ಅಕ್ಷರವನ್ನೇ ಕಾಣದವರಲ್ಲಿಯೂ ಈ ಅಂತರವಿತ್ತು ಎಂಬುದು ಅದಕ್ಕಿಂತ ಮುಖ್ಯ. ಶಾಲೆಯ ಮೆಟ್ಟಿಲು ತುಳಿಯದೆ, ಯಾವ ಶುಲ್ಕವನ್ನೂ ತೆರದೆ, ಒಬ್ಬರೊಡನೆ ತೆಲುಗಿನಲ್ಲಿ ಚೌಕಾಸಿ ಮಾಡಿ ಮತ್ತೊಬ್ಬರೊಡನೆ ದಖ್ಖನಿಯಲ್ಲಿ ಕಷ್ಟಸುಖ ಹಂಚಿಕೊಂಡು ಬಾಳಿದ ಜನ ಅವರು. ನೆರೆಹೊರೆಯೇ ಅವರ ಶಿಬಿರವಾಗಿತ್ತು.

ಇಲ್ಲಿ ನಾನೂ ಪ್ರಾಮಾಣಿಕನಾಗಿರಬೇಕು. ಬಹುಭಾಷಿಕತೆ ರೋಗವನ್ನು ತಡೆಯುವುದೆಂದು ಆ ಅಧ್ಯಯನ ಹೇಳುವುದಿಲ್ಲ. ಬೇರೆ ಊರುಗಳ ಕೆಲವು ಅಧ್ಯಯನಗಳಲ್ಲಿ ಇಂಥ ಅಂತರ ಕಂಡಿಲ್ಲ. ಮೇಲಾಗಿ, ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚುವರಿ ಲಾಭವೇನೂ ಇಲ್ಲಿಯೂ ತೋರಲಿಲ್ಲ. ನಮ್ಮ ಮಕ್ಕಳಿಗೆ ತೆಲುಗು, ಇಂಗ್ಲಿಷುಗಳು ಹೇಗೂ ಬರುತ್ತವೆ. ಆದ್ದರಿಂದ ಮಿದುಳಿನ ಲಾಭಕ್ಕಾಗಿ ಕನ್ನಡ ಕಲಿಸಿರೆಂದು ನಾನು ಹೇಳಹೊರಟರೆ, ಕರಪತ್ರ ಹಂಚಿದವನ ಪಕ್ಕದಲ್ಲಿ ನಾನೂ ಒಂದು ಮಳಿಗೆ ತೆರೆದಂತಾಗುತ್ತದೆ. ಕನ್ನಡ ಟಾನಿಕ್ ಅಲ್ಲ. ತಾಯಿಯನ್ನು ಆರೋಗ್ಯಕ್ಕೆ ಒಳ್ಳೆಯದೆಂಬ ಕಾರಣಕ್ಕೆ ಯಾರೂ ಪ್ರೀತಿಸುವುದಿಲ್ಲ.

ಈ ವಿಜ್ಞಾನದಿಂದ ನಾನು ಕಲಿತ ಪಾಠ ಬೇರೆಯದು. ಮನಸ್ಸು ರೂಪುಗೊಳ್ಳುವುದು ದೀರ್ಘಕಾಲದ ಸಹವಾಸದಲ್ಲಿ. ಪದೇ ಪದೇ ಕೇಳಿದ ದನಿ, ಪದೇ ಪದೇ ಹೊಕ್ಕ ಮನೆ, ತಪ್ಪಿ ತಿದ್ದಿಕೊಂಡ ಮಾತು, ಇವು ನಮ್ಮನ್ನು ಕಟ್ಟುತ್ತವೆ. ಸದನುಭವಗಳಿಂದ ಮನಸ್ಸನ್ನು ತುಂಬಿಕೊಳ್ಳಿರೆಂದು ಶಿಬಿರದವರು ಉಪದೇಶಿಸುತ್ತಾರೆ. ಸರಿ, ಆದರೆ ಸದನುಭವ ಎಲ್ಲಿಂದ ಬರಬೇಕು? ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಬೀದರಿನಿಂದಲೋ ರಾಯಚೂರಿನಿಂದಲೋ ಬಂದ ಅಜ್ಜಿ ಮೊಮ್ಮಗನಿಗೆ ಕಥೆ ಹೇಳಹೊರಟರೆ ಅವನು ತಾಯಿಯ ಮುಖ ನೋಡುತ್ತಾನೆ. ತಾಯಿ ಇಂಗ್ಲಿಷಿಗೆ ತಿರುಗಿಸುತ್ತಾಳೆ. ಕಥೆ ಅಷ್ಟರಲ್ಲಿ ಸತ್ತಿರುತ್ತದೆ. ನನ್ನ ಮನೆಯಲ್ಲಿಯೇ ಇದನ್ನು ಕಂಡಿದ್ದೇನೆ. ಆ ಮೂವರನ್ನೂ ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಶಾಂತಿಯನ್ನು ಒಳಗೆಳೆದುಕೊಳ್ಳಿರೆಂದು ಹೇಳುವುದು ಚಿಕಿತ್ಸೆಯೋ ಕ್ರೂರ ವಿನೋದವೋ?

ಇತಿಹಾಸದ ಒಂದು ಮಾತನ್ನೂ ಮರೆಯಬಾರದು. 1956ರ ನವೆಂಬರ್ 1ರವರೆಗೆ ಬೀದರ, ಗುಲಬರ್ಗಾ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಓದಿಗೆ, ನೌಕರಿಗೆ, ದಾವೆಗೆ ಬಂದು ನಾಂಪಲ್ಲಿ ನಿಲ್ದಾಣದಲ್ಲಿ ಇಳಿಯುತ್ತಿದ್ದ ಕನ್ನಡಿಗ ಹೊರನಾಡಿಗನಾಗಿರಲಿಲ್ಲ. ಗಡಿ ಸರಿದದ್ದರಿಂದ ಆತ ಇದ್ದಲ್ಲಿಯೇ ಹೊರನಾಡಿಗನಾದ. ಸರ್ಕಾರದ ಭಾಷೆ ಉರ್ದುವಾಗಿದ್ದ ಕಾಲದಲ್ಲಿಯೂ, ಮುಂದೆ ತೆಲುಗಾದಾಗಲೂ ಆತ ಮನೆಯಲ್ಲಿ ಕನ್ನಡವನ್ನು ಬಿಡಲಿಲ್ಲ. ಕಾಚಿಗೂಡದಲ್ಲಿ ನೃಪತುಂಗನ ಹೆಸರಿನ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳು ಎದ್ದು ನಿಂತದ್ದು ಆ ಛಲದಿಂದ. ಆ ಹಿರಿಯರು ಬಾಡಿಗೆಯ ಲೆಕ್ಕ ಹಾಕಿದ್ದರೆ ಇಂದು ನಮಗೆ ಬಾಡಿಗೆಗೆ ಕೊಡಲು ಸಭಾಂಗಣವೇ ಇರುತ್ತಿರಲಿಲ್ಲ.

ಅದೇ ಹೈದರಾಬಾದ್ ಸಂಸ್ಥಾನದೊಳಗಿತ್ತು ಬಸವಣ್ಣನ ಕಲ್ಯಾಣ. ಪರಂಪರೆ ನೆನೆಯುವ ಅನುಭವ ಮಂಟಪ ಮೌನದ ಮಂಟಪವಲ್ಲ, ಮಾತಿನ ಮಂಟಪ. ಅಲ್ಲಿ ಅಂಬಿಗನೂ ಮಡಿವಾಳನೂ ಪ್ರಭುವಿನೊಡನೆ ವಾದಿಸಿದರೆಂದು ನಂಬಿ ಬಂದ ನಾವು, ಅನುಭವವನ್ನು ಕೂಡಿ ಪಡೆಯಬೇಕೆಂಬ ಆ ತಿಳಿವನ್ನು ತೊರೆದು, ಒಬ್ಬೊಬ್ಬರಿಗೆ ಒಂದೊಂದು ಚಾಪೆಯ ಶಾಂತಿಯನ್ನು ಕೊಳ್ಳಲು ಸರತಿಯಲ್ಲಿ ನಿಲ್ಲುವುದೆ?

ಆದ್ದರಿಂದ ಕಾರ್ಯಕಾರಿ ಸಮಿತಿಯ ಹಿರಿಯರಲ್ಲಿ ನನ್ನ ವಿನಂತಿ ಇದು. ಧ್ಯಾನ ಬೇಕೆನ್ನುವ ಸದಸ್ಯರಿಗೆ ವಾರದ ಒಂದು ಸಂಜೆ ಸಭಾಂಗಣ ತೆರೆದಿರಲಿ. ಶುಲ್ಕ ಬೇಡ, ಮಿದುಳಿನ ಚಿತ್ರ ಬೇಡ. ಭಾನುವಾರದ ತರಗತಿ ನಿಲ್ಲದಿರಲಿ. ಏಳೇ ಮಕ್ಕಳು ಉಳಿದದ್ದು ಕನ್ನಡದ ತಪ್ಪಲ್ಲ. ಕಾಪಿ ಬರೆಸಿ ಮನೆಗೆ ಕಳಿಸಿದ ನಮ್ಮ ತಪ್ಪು. ಆ ಏಳು ಮಕ್ಕಳ ನಡುವೆ ಏಳು ಮಂದಿ ಅಜ್ಜ ಅಜ್ಜಿಯರನ್ನು ಕೂರಿಸೋಣ. ಅವರು ಕಥೆ ಹೇಳಲಿ, ಮಕ್ಕಳು ತಪ್ಪು ಕನ್ನಡದಲ್ಲಿ ಪ್ರಶ್ನೆ ಕೇಳಲಿ.

ಅದರಿಂದ ಯಾರ ಮಿದುಳು ಎಷ್ಟು ಬೆಳೆಯಿತೆಂದು ಅಳೆಯಲು ನಮ್ಮಲ್ಲಿ ಯಂತ್ರವಿಲ್ಲ. ಅಳೆಯಬೇಕಾದ ಅಗತ್ಯವೂ ಇಲ್ಲ. ಮೊಮ್ಮಗ ತಾಯಿಯ ಮುಖ ನೋಡದೆ ಅಜ್ಜಿಗೆ ಉತ್ತರ ಕೊಟ್ಟ ದಿನ, ಸಂಘ ತನ್ನ ಕೆಲಸ ಮಾಡಿದೆಯೆಂದು ತಿಳಿದರಾಯಿತು.