ಕುದುರೆಮುಖದ ಹಾದಿ: ಯೋಜನೆ ಯಾರದು?

ಕಾರ್ಕಳದಿಂದ ಮಾಳ ಘಾಟಿಯೇರಿ, ಎಸ್.ಕೆ. ಬಾರ್ಡರ್ ದಾಟಿ ಕುದುರೆಮುಖ, ಕಳಸಗಳತ್ತ ಸಾಗುವ ರಸ್ತೆ ನಾಡಿನ ರಮಣೀಯ ಹಾದಿಗಳಲ್ಲೊಂದು. ಆದರೆ ಇಲ್ಲಿಗೆ ಹೊರಡುವವರ ಯೋಜನೆಯಲ್ಲಿ ಕಾಡಿಗೆ ಸ್ಥಾನವಿದೆಯೇ ಎಂಬುದೇ ಪ್ರಶ್ನೆ.

ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವನ್ನು ಒಳಗೊಂಡ ಈ ಅರಣ್ಯ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ದೀರ್ಘ ಹೋರಾಟ ಮತ್ತು ಸುಪ್ರೀಂ ಕೋರ್ಟ್ ಆದೇಶದ ಫಲವಾಗಿ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. 2012ರಲ್ಲಿ ವಿಶ್ವ ಪರಂಪರೆಯ ಮನ್ನಣೆಯೂ ದೊರೆಯಿತು. ಗಣಿಯಿಂದ ಪಾರಾದ ಕಾಡು ಈಗ ವಾಹನಗಳ ಒತ್ತಡಕ್ಕೆ ಸಿಲುಕಿದೆ.

ಸಿಂಗಳೀಕ ಮರದಿಂದ ಮರಕ್ಕೆ ಜಿಗಿದು ಬದುಕುವ ಪ್ರಾಣಿ. ರಸ್ತೆಯ ಮೇಲೆ ಕೊಂಬೆಗಳು ಕೂಡದ ಕಡೆ ಅದು ನೆಲಕ್ಕಿಳಿಯಲೇಬೇಕು. ಪ್ರವಾಸಿಗರು ಎಸೆಯುವ ತಿಂಡಿ ಮಂಗಗಳನ್ನು ರಸ್ತೆಗೇ ಸೆಳೆಯುತ್ತದೆ. ತಿರುವಿನಲ್ಲಿ ವೇಗವಾಗಿ ಬರುವ ಕಾರಿಗೆ ಅವು ಬಲಿಯಾಗುವ ಅಪಾಯ ಹೆಚ್ಚು.

2024ರಲ್ಲಿ ಕುದುರೆಮುಖ ಶಿಖರದ ಚಾರಣವನ್ನು ದಿನಕ್ಕೆ 300 ಮಂದಿಗೆ ಸೀಮಿತಗೊಳಿಸಲಾಯಿತು. ರಸ್ತೆಗೆ ಇಂತಹ ಮಿತಿ ಹೇರುವುದು ಸುಲಭವಲ್ಲ. ಕಳಸದ ರೋಗಿಗೆ ಕರಾವಳಿಯ ಆಸ್ಪತ್ರೆ ತಲುಪಲು ಇದೇ ದಾರಿ. ಆದ್ದರಿಂದ ಊರವರ ಸಂಚಾರವನ್ನೂ ವಿಹಾರವನ್ನೂ ಬೇರೆಬೇರೆಯಾಗಿ ಕಾಣುವ ನೀತಿ ಬೇಕು. ವಾರಾಂತ್ಯಗಳಲ್ಲಿ ಪ್ರವಾಸಿಗರನ್ನು ಬಸ್ಸುಗಳಲ್ಲಿ ಕರೆದೊಯ್ಯುವ, ನಿಗದಿತ ತಾಣಗಳಲ್ಲಷ್ಟೇ ನಿಲುಗಡೆ ನೀಡುವ ವ್ಯವಸ್ಥೆಯನ್ನು ಸರ್ಕಾರ ಪರಿಶೀಲಿಸಬೇಕು.

ಅಲ್ಲಿಯವರೆಗೆ ಹೊಣೆ ಪ್ರಯಾಣಿಕರದೇ. ಬೆಳಗ್ಗೆಯೇ ಹೊರಟು ಹಗಲಿನಲ್ಲೇ ಉದ್ಯಾನ ದಾಟುವುದು, ಮುಂಗಾರಿನಲ್ಲಿ ಘಾಟಿಯ ಸ್ಥಿತಿ ವಿಚಾರಿಸಿಕೊಳ್ಳುವುದು, ತಂದ ಕಸವನ್ನು ಮರಳಿ ಒಯ್ಯುವುದು ಕಷ್ಟವೇನಲ್ಲ. ಗಣಿಯನ್ನು ನಿಲ್ಲಿಸಲು ನ್ಯಾಯಾಲಯ ಬೇಕಾಯಿತು. ಕಾರಿನ ವೇಗ ತಗ್ಗಿಸಲೂ ಅದೇ ಬೇಕೇ?