ತಂಪು ನಮ್ಮದು, ಬಿಸಿ ಯಾರದು?

ಏಪ್ರಿಲ್‌ನಲ್ಲಿ ಕುಸನೂರಿನ ನಮ್ಮ ಓಣಿಯ ಮಾಸ್ತರ ಕಾಕಾ ಎಸಿ ತರಿಸಿದರು. ಕಾಕೂಗೆ ಬಿ.ಪಿ., ರಾತ್ರಿ ನಿದ್ದೆಯಿಲ್ಲ. ‘ತಮ್ಮಾ, ನೀ ಪಿಎಚ್‌ಡಿ ಮಾಡ್ಲಕತ್ತಿದಿ, ನಿಂತು ಕೂಡಿಸಿಕೊಡು’ ಎಂದರು. ನಾನು ಓದುತ್ತಿರುವುದು ತತ್ವಪದ. ಅದಕ್ಕೂ ಎಸಿಗೂ ಸಂಬಂಧವಿಲ್ಲವೆನ್ನಲು ನಾಲಿಗೆ ಏಳಲಿಲ್ಲ.

ಮೂರು ದಿನ ಹಿಡಿಯಿತು. ಅಂಗಡಿಯಲ್ಲಿ ‘ಫ್ರೀ’ ಎಂದಿದ್ದ ಕೆಲಸಕ್ಕೆ ಬಂದ ಹುಡುಗ ಸ್ಟ್ಯಾಂಡಿಗೆ, ತಾಮ್ರದ ಪೈಪಿಗೆ ಬೇರೆ ದುಡ್ಡು ಕೇಳಿದ. ಪ್ಲಗ್ಗಿನ ಮೂರನೆಯ ತೂತಿಗೆ ತಂತಿಯೇ ಇರಲಿಲ್ಲ. ‘ಅರ್ಥಿಂಗ್ ನಮ್ಮ ಕೆಲಸ ಅಲ್ರೀ ಅಣ್ಣಾ’ ಎಂದ. ಎಲೆಕ್ಟ್ರಿಷಿಯನ್ ಬಂದು, ಮೊದಲು ಮೀಟರಿನ ಲೋಡ್ ಹೆಚ್ಚಿಸಿಕೊಳ್ಳಿ ಎಂದ.

ಇದೆಲ್ಲ ಸಹಿಸಬಹುದಾದ ತಲೆನೋವು. ಕೊನೆಗೆ ಹೊರಗಿನ ಯೂನಿಟ್ ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಪಕ್ಕದ ಗೋಡೆಗೆ ಹಾಕಿದರೆ ಪೈಪು ಉಳಿಯುತ್ತದೆ. ಆದರೆ ಎರಡು ಅಡಿ ಸಂದಿಯ ಆಚೆ ಗಾರೆ ಕೆಲಸದವರ ತಗಡಿನ ಕೋಣೆ. ಅದಕ್ಕಿರುವುದು ಒಂದೇ ಕಿಟಕಿ. ‘ಎಲ್ಲಾರೂ ಹಿಂಗೇ ಹಾಕಸ್ತಾರ್ರೀ’ ಎಂದ ಹುಡುಗ. ನಾನೇ ಏಣಿ ಹಿಡಿದೆ.

ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಬಿಸಿಯನ್ನು ಸಾಗಿಸುತ್ತದೆ. ಒಂದೂವರೆ ಟನ್ನಿನ ಯಂತ್ರ ಪೂರ್ತಿ ಓಡುವಾಗ ಕೋಣೆಯಿಂದ ಸುಮಾರು 5 ಕಿಲೋವಾಟ್ ಬಿಸಿ ಎಳೆದು, ತಾನು ತಿಂದ ಕರೆಂಟಿನ ಬಿಸಿಯನ್ನೂ ಸೇರಿಸಿ ಹೊರಗೆ ಉಗುಳುತ್ತದೆ. ಮರುದಿನ ಆಚೆಯ ಹೆಣ್ಣುಮಗಳು ಸಿಕ್ಕಾಗ ಬೈಯಲಿಲ್ಲ. ‘ಕಿಟಕಿ ಮುಚ್ಚೀವಿ ಬಿಡ್ರೀ’ ಎಂದಳು, ಅಷ್ಟೆ.

ಕಾಕಾನನ್ನು ದೂರಲಾರೆ. ಇಡೀ ದಿನ ಕಾದ ಕಾಂಕ್ರೀಟ್ ಸ್ಲ್ಯಾಬು ರಾತ್ರಿಯೆಲ್ಲ ಕೋಣೆಯೊಳಗೆ ಬಿಸಿ ಇಳಿಸುತ್ತದೆ. ಹಿಂದಿನ ಮಾಳಿಗೆ ಮನೆಗಳ ದಪ್ಪ ಕಲ್ಲಿನ ಗೋಡೆ, ಜಂತಿಯ ಮೇಲಿನ ಮಣ್ಣು ಬಿಸಿಲನ್ನು ತಡೆದು ನಿಲ್ಲಿಸುತ್ತಿದ್ದವು. ಅವು ಸೋರುತ್ತಿದ್ದವು, ಒಳಗೆ ಕತ್ತಲು, ಮಣ್ಣು ಹೊರುವವರ ಬೆನ್ನು ಬಾಗುತ್ತಿತ್ತು. ಆ ಮನೆಗಳಿಗೆ ಮರಳೋಣ ಎನ್ನುತ್ತಿಲ್ಲ. ಆದರೆ ಬಿಸಿಲಿನ ಊರಿನಲ್ಲಿ ಮನೆ ಕಟ್ಟುತ್ತಿದ್ದೇವೆಂಬ ಎಚ್ಚರವನ್ನೂ ಅವುಗಳ ಜೊತೆಗೇ ಕೆಡವಿಬಿಟ್ಟೆವು. ಮಾಳಿಗೆಗೆ ಸುಣ್ಣ, ನೆರಳು, ಎದುರುಬದುರು ಕಿಟಕಿ: ಇವನ್ನು ಕೇಳುವ ಮೊದಲೇ ಎಸಿಯ ಕಂತು ಶುರುವಾಗುತ್ತದೆ.

ಬೇಸಿಗೆ ಬಂದರೆ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಅಂದರೆ ಬಿಸಿಲು ಎಲ್ಲರ ಸಂಗತಿ ಎಂದು ಸರ್ಕಾರವೇ ಒಪ್ಪಿದೆ. ಒಂದೂವರೆಯ ನಂತರ ಅದು ಅವರವರ ಮನೆಯ ಕಷ್ಟ ಹೇಗಾಗುತ್ತದೆ? 2020ರಿಂದ ಹೊಸ ರೂಮ್ ಎಸಿಗಳು ತಾವಾಗಿ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಒಳಗಿನ ಅಂಕಿಗೆ ಇಷ್ಟು ಕಾಳಜಿ. ಹೊರಗಿನ ಗಾಳಿ ಯಾರ ಕಿಟಕಿಗೆ ಎಂದು ನಮ್ಮ ಓಣಿಗೆ ಬಂದು ಯಾರೂ ಕೇಳಲಿಲ್ಲ. ಮನೆಯ ನಕ್ಷೆ ಮಂಜೂರು ಮಾಡುವಾಗಲೇ ಮಾಳಿಗೆಗೆ ಏನು ಹೊದಿಸುತ್ತೀರಿ, ಎಸಿ ಹಾಕಿದರೆ ಅದರ ಬಿಸಿ ಎಲ್ಲಿಗೆ ಬಿಡುತ್ತೀರಿ ಎಂದು ಕೇಳಬೇಕು. ಉತ್ತರವಿಲ್ಲದ ನಕ್ಷೆ ವಾಪಸ್ ಹೋಗಬೇಕು.

ವಾರದ ನಂತರ ಕಾಕಾನಿಗೆ ಕಿಟಕಿಯ ವಿಷಯ ಹೇಳಿದೆ. ಪೈಪಿಗೆ ಮತ್ತೆ ದುಡ್ಡು ಕೊಟ್ಟು ಯೂನಿಟ್ಟನ್ನು ಮಾಳಿಗೆಗೆ ಏರಿಸಿದರು. ಆಮೇಲೆ ನನ್ನತ್ತ ತಿರುಗಿ, ‘ಏಣಿ ಹಿಡದಾಗ ಯಾಕ ಹೇಳಲಿಲ್ಲ ತಮ್ಮಾ?’ ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಎಸಿ ಮಾರುವವರಿಗೂ, ನಕ್ಷೆಗೆ ಸಹಿ ಹಾಕುವವರಿಗೂ ಅದೇ ಪ್ರಶ್ನೆ ಕೇಳುತ್ತಿದ್ದೇನೆ.